ಮಲೇಖುವಿನಲ್ಲಿ ಒಂದು ಬೇರಿಂಗು

ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ
ಮೊನೆಯನ್ನು ಇಂಜಿನ್ನಿನ ಮೈಗೆ ಆನಿಸಿ
ಮೂವತ್ತೊಂದು ವರ್ಷ ಕೇಳಿದ್ದೇನೆ
ಟ್ಯಾಪೆಟ್ಟಿನ ಚಟಪಟ, ಬೆಲ್ಟಿನ ಕೀರಲು,
ಮುದಿ ಡೀಸೆಲ್ಲಿನ ಬೆಳಗಿನ ಕೆಮ್ಮು.
ಹೆಂಗಸಿಗೇನು ಗೊತ್ತು ನಟ್ಟು ಬೋಲ್ಟು ಎಂದು ನಕ್ಕವರೇ
ಏರಿನಲ್ಲಿ ಹೊಗೆ ಕಾರಿ ನಿಂತಾಗ
'ಫುಲ್‌ಮಾಯಾ ದೀದಿ, ಸ್ವಲ್ಪ ನೋಡಿ' ಎಂದು ಬಂದರು.

ಚೈತ್ರದಲ್ಲಿ ಡಂಬರ್ ಘೀಸಿಂಗ್ ಕರೆಂಟಿನ ವ್ಯಾನು ತಂದ.
ಬಾನೆಟ್ಟು ಎತ್ತಿದೆ.
ಒಂದು ಪ್ಲಾಸ್ಟಿಕ್ ಮುಚ್ಚಳ, ಕಿತ್ತಳೆ ಬಣ್ಣದ ಕೇಬಲ್ಲು,
ಗಾಜು ಒರೆಸುವ ನೀರಿನ ಡಬ್ಬಿ.
ಅಷ್ಟೇ.
ನೆಂಟರ ಅಡುಗೆಮನೆಗೆ ಹೋಗಿ
ಒಲೆಯೇ ಕಾಣದೆ ನಿಂತಂತಾಯಿತು.

ಅವನು ಬೆರಳು ಮಡಚಿದ:
ಆಯಿಲ್ ಇಲ್ಲ, ಕ್ಲಚ್ಚಿಲ್ಲ, ರೇಡಿಯೇಟರಿಗೆ ನೀರು ಹೊರುವುದಿಲ್ಲ,
ಥಾನ್‌ಕೋಟ್ ದಾಟಿ ನೌಬಿಸೆಗೆ ಇಳಿಯುವಾಗ
ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ ದೀದಿ,
ದಾರಿಯೇ ಚಿಲ್ಲರೆ ವಾಪಸ್ಸು ಕೊಡುತ್ತದೆ.
ಹತ್ತುವಾಗ? ಅಂದೆ.
ಅವನು ಹೊಳೆಯ ಕಡೆ ನೋಡಿದ.

ಗಡಿ ಮುಚ್ಚಿದ ಚಳಿಗಾಲ ನನಗೆ ಮರೆತಿಲ್ಲ.
ಪಂಪಿನ ಮುಂದೆ ಮೂರು ಹಗಲು ಮೂರು ರಾತ್ರಿ ಸಾಲು,
ಸ್ಟಿಯರಿಂಗಿಗೆ ಹಣೆಯಿಟ್ಟು ನಿದ್ದೆ.
ನಾನೇ ಬಿಚ್ಚಿ ನಾನೇ ಜೋಡಿಸಿದ ಇಂಜಿನ್ನುಗಳು,
ಒಂದರಲ್ಲೂ ಕುಂದಿಲ್ಲ, ಒಂದೂ ಅಲುಗಲಿಲ್ಲ.
ಗಾಡಿಯನ್ನು ನಂಬುವುದೆಂದರೆ
ನಟ್ಟಿನ ಬಿಗಿಯನ್ನೋ, ಇಲ್ಲ
ಎಲ್ಲೋ ದೂರದ ಗೇಟಿನ ಬೀಗದ ಕೈಯನ್ನೋ?

ನಮ್ಮ ನೀರು, ನಮ್ಮ ಕರೆಂಟು, ಎನ್ನುತ್ತಾನೆ ಡಂಬರ್
ತ್ರಿಶೂಲಿಯತ್ತ ಗದ್ದವೆತ್ತಿ.
ಸರಿ. ಆದರೆ ಶ್ರಾವಣದಲ್ಲಿ
ಅದೇ ನೀರು ಗುಡ್ಡವನ್ನೂ ಇಳಿಸುತ್ತದೆ ರಸ್ತೆಗೆ.

ಇಳಿಸಿತು. ವ್ಯಾನಿನಲ್ಲಿ ಹನ್ನೊಂದು ಜನ,
ಬ್ಯಾಟರಿಯಲ್ಲಿ ನೂರಕ್ಕೆ ಹದಿನೆಂಟು.
ಪಕ್ಕದ ಬಸ್ಸು ರಾತ್ರಿಯಿಡೀ ಗುಡುಗುಡು ಉರಿದು
ಬೆಳಗಿಗೆ ಬರಿದಾಯಿತು.
ಲಾರಿಯವನೊಬ್ಬ ರಬ್ಬರು ಪೈಪು ಬಾಯಿಂದೆಳೆದು,
ಉಗುಳಿ, ಬೈದು, ಐದು ಲೀಟರು ಹಂಚಿಕೊಟ್ಟ.
ಡಂಬರ್ ನೋಡುತ್ತ ನಿಂತಿದ್ದ.
ಕರೆಂಟನ್ನು ಯಾರೂ ಬಾಯಿಂದ ಎಳೆದುಕೊಡಲಾರರು.

ಆದರೂ ತೆವಳದೆ, ತಳ್ಳಿಸಿಕೊಳ್ಳದೆ
ನಾಲ್ಕು ಉಳಿಸಿಕೊಂಡು ನನ್ನ ಶೆಡ್ಡಿಗೆ ಬಂದ.
ಗೋಡೆಯ ಸಾದಾ ಪ್ಲಗ್ಗಿಗೆ ಚುಚ್ಚಿದೆವು,
ಬಲ್ಬು ಮಂಕಾಯಿತು.
ಹನ್ನೊಂದು ಜನವೂ ಹುರಿದ ಮೀನು ತಿಂದರು,
ಹಲ್ಲು ಕಡ್ಡಿಯಿಂದ ಕೆದಕಿದರು, ನಿದ್ದೆ ಹೋದರು, ಎದ್ದರು,
ಪೋಖರಾದಲ್ಲಿ ನಿಶ್ಚಿತಾರ್ಥವಿದ್ದ ಅಜ್ಜಿ ಮಾತ್ರ
ನನಗೂ ಪ್ಲಗ್ಗಿಗೂ ಸೇರಿಸಿ ಶಾಪ ಹಾಕಿ
ಸಿಕ್ಕ ಡೀಸೆಲ್ ಬಸ್ಸು ಹತ್ತಿ ಹೊರಟಳು.

ಸಂಜೆ, ಒಂದು ಸುತ್ತು ಹೋಗೋಣ ಅಂದೆ.
ಸೇತುವೆಯ ಮೇಲೆ ವ್ಯಾನು
ಉಸಿರು ಬಿಗಿಹಿಡಿದವರಂತೆ ಹರಿಯಿತು.
ಮೊದಲು ಕೇಳಿದ್ದು ಹೊಳೆ.
ಆಮೇಲೆ ಟೈರಿಗೆ ಸಿಕ್ಕ ಕಲ್ಲಿನ ಟಿಕ್ ಟಿಕ್.
ಆಮೇಲೆ ಹಿಂದೆ, ಎಡಕ್ಕೆ, ಬಹಳ ಕೆಳಗೆ,
ಯಾರೋ ಬೀಸುಕಲ್ಲು ತಿರುಗಿಸುವ ಸದ್ದು.
ನಿಲ್ಲಿಸು, ಅಂದೆ.

ಪರದೆಯಲ್ಲಿ ಎಲ್ಲ ಹಸಿರು.
ಜ್ಯಾಕು ಕೊಟ್ಟು ಚಕ್ರ ತಿರುಗಿಸಿ
ಸ್ಕ್ರೂಡ್ರೈವರು ಕಿವಿಗಿಟ್ಟೆ.
ಅಲ್ಲೇ ಇತ್ತು, ಕೆಸರು ನುಂಗಿದ ಬೇರಿಂಗು,
ಹಳೆಯ ಪರಿಚಯದವಳ ದನಿಯಲ್ಲಿ.
ಇಂಜಿನ್ನಿನ ಗದ್ದಲದ ಹಿಂದೆ ಇಷ್ಟು ವರ್ಷ
ಎಷ್ಟು ಚಕ್ರಗಳ ಗೋಳು ಕಿವಿಗೆ ಬೀಳದೇ ಹೋಯಿತೋ.

ಹೊಸದು ಬರಲು ಹನ್ನೊಂದು ದಿನವಂತೆ.
ಡಂಬರ್ ಅಣ್ಣನ ಹಳೆ ಜೀಪು ಬೇಡಿ ತಂದ.
ಮೂರನೆಯ ಸಲಕ್ಕೆ ಹತ್ತಿಕೊಂಡಿತು, ಶೆಡ್ಡು ತುಂಬ ಹೊಗೆ.
ಅವನು ಕೈ ಬೀಸಿದ.
ನಾನು ತಲೆ ವಾಲಿಸಿ ಕೇಳುತ್ತ ನಿಂತೆ:
ಬೆಲ್ಟು, ಈ ವಾರ ತಡೆದರೆ ಹೆಚ್ಚು.